ಬಿಟ್ಟುಹೋದ ಪದಕವನ್ನು ಹುಡುಕಬೇಕಾದವರು ಯಾರು?

1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಪಂಜಾಬಿನ ಆದಂಪುರ ವಾಯುನೆಲೆಯಿಂದ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅಂದು ಮೀಸಲು ಪೈಲಟ್. ಮುಖ್ಯ ತಂಡದ ಯಾವುದಾದರೂ ವಿಮಾನ ಹಿಂದೆ ಬಿದ್ದರೆ ಮಾತ್ರ ಹೋಗಬೇಕಾದವರು. ಹಾಗೆಯೇ ಆಯಿತು, ಅವರು ಹೋದರು, ಮರಳಿ ಬರಲಿಲ್ಲ. ಜೊತೆಗಿದ್ದವರ ಯಾರ ಕಣ್ಣಿಗೂ ಅವರ ಕೊನೆಯ ಹೋರಾಟ ಬಿದ್ದಿರಲಿಲ್ಲವಾದ್ದರಿಂದ ನಮ್ಮ ಕಡತಗಳಲ್ಲಿ ಉಳಿದದ್ದು ‘ಕಾಣೆಯಾದವರು’ ಎಂಬ ನಮೂದು. ನಡೆದದ್ದೇನು ಎಂಬುದು ಹೊರಗೆ ಬಂದದ್ದು 1979ರಲ್ಲಿ, ಅದೂ ಪಾಕಿಸ್ತಾನದ ವಾಯುಪಡೆಯ ಕುರಿತು ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಬರೆದ ಪುಸ್ತಕದಿಂದ. ಶಬ್ದದ ವೇಗಕ್ಕಿಂತ ಎರಡು ಪಟ್ಟು ಹಾರಬಲ್ಲ ಎಫ್-104 ಸ್ಟಾರ್‌ಫೈಟರ್ ದೇವಯ್ಯನವರ ವಿಮಾನವನ್ನು ಅಡ್ಡಗಟ್ಟಿತ್ತು. ಏಟು ತಿಂದ ಮಿಸ್ಟೇರಿನಲ್ಲೇ ಅವರು ತಿರುಗಿ ನಿಂತು ಹೋರಾಡಿದರು, ಸ್ಟಾರ್‌ಫೈಟರ್ ನೆಲಕ್ಕೆ ಬಿತ್ತು, ಅದರ ಪೈಲಟ್ ಅಮ್ಜದ್ ಹುಸೇನ್ ಹೊರಗೆ ಜಿಗಿದು ಬದುಕಿಕೊಂಡರು. ದೇವಯ್ಯನವರು ಬದುಕಲಿಲ್ಲ. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಯುದ್ಧ ಮುಗಿದು 23 ವರ್ಷಗಳಾದ ಮೇಲೆ.

ಇದನ್ನು ತಡವಾದರೂ ಸಿಕ್ಕ ನ್ಯಾಯ ಎಂದು ನಾವು ಹೇಳಿಕೊಳ್ಳುತ್ತೇವೆ, ಮಡಿಕೇರಿಯ ವೃತ್ತದಲ್ಲಿ ಅವರ ಪ್ರತಿಮೆಯನ್ನು ಕಂಡು ಹೆಮ್ಮೆಪಡುತ್ತೇವೆ. ಹೆಮ್ಮೆ ಸಹಜ. ಆದರೆ ಆ 23 ವರ್ಷಗಳ ನಡುವೆ ನಡೆದದ್ದನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಕಳವಳವಾಗುತ್ತದೆ. ಎದುರು ಪಕ್ಷದ ವಾಯುಪಡೆ ತನ್ನ ನಷ್ಟವನ್ನು ಒಬ್ಬ ವಿದೇಶಿ ಲೇಖಕನಿಗೆ ಹೇಳಬೇಕಾಯಿತು, ಆತ ಅದನ್ನು ಬರೆಯಬೇಕಾಯಿತು, ಆ ಪುಟಗಳು ಇಲ್ಲಿಗೆ ತಲುಪಬೇಕಾಯಿತು, ದಿನಾಂಕ ಮತ್ತು ಜಾಗವನ್ನು ತಾಳೆ ನೋಡಿ ಇದು ದೇವಯ್ಯನವರದೇ ವಿಮಾನ ಎಂದು ನಮ್ಮವರಿಗೆ ಹೊಳೆಯಬೇಕಾಯಿತು. ಈ ಕೊಂಡಿಗಳಲ್ಲಿ ಯಾವುದೊಂದು ಕಳಚಿದ್ದರೂ ಅವರ ಹೆಸರಿನ ಮುಂದೆ ಇವತ್ತಿಗೂ ಏನೂ ಇರುತ್ತಿರಲಿಲ್ಲ. ಸೈನಿಕನ ಸೇವಾ ದಾಖಲೆಯನ್ನು ಬರೆಯುವುದು ಸರ್ಕಾರ, ಇಟ್ಟುಕೊಳ್ಳುವುದು ಸರ್ಕಾರ, ಕಳೆಯುವುದೂ ಸರ್ಕಾರವೇ. ಅದರಲ್ಲಿ ಬಿಟ್ಟುಹೋದದ್ದನ್ನು ಹುಡುಕಿ ತುಂಬುವ ಹೊಣೆ ಮಾತ್ರ ಸೈನಿಕನ ಮೇಲೆ, ಅವನ ವಿಧವೆಯ ಮೇಲೆ, ಇಲ್ಲವೇ ಆಕಸ್ಮಿಕದ ಮೇಲೆ ಬೀಳುತ್ತಿದೆ. ಈ ಏರ್ಪಾಡು ತಿರುವುಮುರುವಾಗಬೇಕು. ಅರ್ಜಿಗೆ ಕಾಯದೆ ಸರ್ಕಾರವೇ ತನ್ನ ಕಡತಗಳನ್ನು ತೆರೆದು, ಕೊಡಬೇಕಾದ ಪದಕಗಳನ್ನು ಗುರುತಿಸಿ, ದಾಖಲೆ ತಿದ್ದಿ ಮನೆಗೆ ತಲುಪಿಸಬೇಕು.

ಈ ಮಾತಿಗೆ ತಕ್ಷಣ ಬರುವ ಆಕ್ಷೇಪ, ಶೌರ್ಯವನ್ನು ಕಚೇರಿಯಲ್ಲಿ ಕುಳಿತು ಪತ್ತೆ ಮಾಡಲಾಗದು ಎಂಬುದು. ನಿಜ. ಆದರೆ ಸೈನಿಕನ ಎದೆಯ ಮೇಲಿನ ಪದಕಗಳಲ್ಲಿ ಹೆಚ್ಚಿನವು ಶೌರ್ಯ ಪದಕಗಳಲ್ಲ. ಒಂದು ಗೊತ್ತಾದ ದಿನ, ಗೊತ್ತಾದ ಜಾಗದಲ್ಲಿ, ಗೊತ್ತಾದ ಯುನಿಟ್ಟಿನಲ್ಲಿ ಇದ್ದವರೆಲ್ಲರಿಗೂ ಸಲ್ಲುವ ಪದಕಗಳು ಅವು. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸ್ವಾತಂತ್ರ್ಯದ 25ನೇ ವರ್ಷದ ಪದಕ, 1997ರ ಅದೇ ದಿನ ಸೇವೆಯಲ್ಲಿದ್ದವರಿಗೆ 50ನೇ ವರ್ಷದ ಪದಕ, 2022ರಲ್ಲಿ ಇದ್ದವರಿಗೆ 75ನೇ ವರ್ಷದ್ದು. 1965ರ ಯುದ್ಧಕ್ಕೆ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಪದಕ. 1971ರ ಯುದ್ಧಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಪದಕ. ಕಾರ್ಗಿಲ್ ಕಾರ್ಯಾಚರಣೆಗೆ ಆಪರೇಷನ್ ವಿಜಯ್ ಹೆಸರಿನ ಸ್ಟಾರ್ ಮತ್ತು ಪದಕ. ಸಿಯಾಚಿನ್‌ನಲ್ಲಿದ್ದವರಿಗೆ ಅಲ್ಲಿಯದೇ ಪದಕ, ಇಷ್ಟು ವರ್ಷ ಸೇವೆ ಮುಗಿಸಿದವರಿಗೆ ದೀರ್ಘಸೇವಾ ಪದಕಗಳು. ಇವುಗಳಿಗೆ ಯಾರ ಶಿಫಾರಸೂ ಬೇಡ, ಯಾವ ಸಾಕ್ಷಿಯೂ ಬೇಡ. ಜವಾನ ಭರ್ತಿಯಾದ ದಿನಾಂಕ, ಬಿಡುಗಡೆಯಾದ ದಿನಾಂಕ, ಆ ನಡುವೆ ಅವನ ಯುನಿಟ್ ಎಲ್ಲಿತ್ತು ಎಂಬ ಮೂರು ಸಂಗತಿಗಳನ್ನು ಪಕ್ಕಪಕ್ಕ ಇಟ್ಟರೆ ಉತ್ತರ ಸಿಗುತ್ತದೆ. 1970ರಲ್ಲಿ ಭರ್ತಿಯಾಗಿ 1985ರಲ್ಲಿ ಬಿಡುಗಡೆಯಾದವನ ದಾಖಲೆಯಲ್ಲಿ 25ನೇ ವರ್ಷದ ಪದಕದ ನಮೂದಿಲ್ಲವೆಂದರೆ ಮೇಲ್ನೋಟಕ್ಕೇ ತಪ್ಪು ಯಾರದೆಂದು ತಿಳಿಯುತ್ತದೆ. ಅದನ್ನು ಅವನೇ ಬಂದು ರುಜುವಾತು ಮಾಡಬೇಕು ಎನ್ನುವುದಕ್ಕೆ ಯಾವ ಆಧಾರವಿದೆ?

ತಪ್ಪು ಆಗುವ ಬಗೆಯೂ ನಿಗೂಢವಲ್ಲ. ನಮ್ಮ ಸೇನೆಯಲ್ಲಿ ಜವಾನನ ಬಾಳಿನ ಪ್ರತಿಯೊಂದು ಬದಲಾವಣೆಯೂ, ಬಡ್ತಿ, ವರ್ಗಾವಣೆ, ಮದುವೆ, ಮಗು ಹುಟ್ಟಿದ್ದು, ಪದಕ ಸಂದದ್ದು, ಯುನಿಟ್ ಹೊರಡಿಸುವ ‘ಪಾರ್ಟ್ ಟು ಆರ್ಡರ್’ ಮೂಲಕ ರೆಕಾರ್ಡ್ಸ್ ಕಚೇರಿಗೆ ತಲುಪಿ ಅಲ್ಲಿ ದಾಖಲಾಗಬೇಕು. ಯುದ್ಧಕಾಲದಲ್ಲಿ ಯುನಿಟ್ ಊರೂರು ಅಲೆಯುತ್ತಿರುತ್ತದೆ, ಗುಮಾಸ್ತ ಬದಲಾಗುತ್ತಾನೆ, ಗಾಯಾಳು ಆಸ್ಪತ್ರೆಯಿಂದ ಬೇರೆ ಯುನಿಟ್ಟಿಗೆ ಹೋಗುತ್ತಾನೆ. ಪದಕವನ್ನು ಘೋಷಿಸುವ ಆದೇಶವಂತೂ ಬಹಳ ಸಲ ಯುದ್ಧ ಮುಗಿದ ಎಷ್ಟೋ ಕಾಲದ ಮೇಲೆ ಬರುತ್ತದೆ. ಅಷ್ಟರಲ್ಲಿ ಜವಾನ ಊರು ಸೇರಿ ಹೊಲ ಉಳುತ್ತಿರಬಹುದು. ಅವನ ಕೈಯಲ್ಲಿರುವ ಡಿಸ್ಚಾರ್ಜ್ ಬುಕ್ಕಿನಲ್ಲಿ ಅದು ಬರುವುದಾದರೂ ಹೇಗೆ? ಹೊಸ ಪದಕವೊಂದು ಹುಟ್ಟಿದೆ ಎಂದು ಅವನಿಗೆ ಹೇಳುವವರು ಯಾರು?

ಇದೇ ಸಮಸ್ಯೆಯನ್ನು ಇನ್ನೂ ದೊಡ್ಡದಾಗಿ ಕಾಣಬೇಕೆಂದರೆ ಅಮೆರಿಕದತ್ತ ನೋಡಬೇಕು. ಅಲ್ಲಿ ಸೇವೆ ಬಿಟ್ಟವರಿಗೆ ಡಿಡಿ-214 ಎಂಬ ಪ್ರಮಾಣಪತ್ರ ಕೊಡುತ್ತಾರೆ. ಪಿಂಚಣಿ, ಚಿಕಿತ್ಸೆ, ಸಮಾಧಿಯ ಗೌರವ ಎಲ್ಲಕ್ಕೂ ಅದೇ ಕೀಲಿ. ಅದರಲ್ಲಿ ಪದಕ ಬಿಟ್ಟುಹೋಗಿದ್ದರೆ ಡಿಡಿ-215 ಎಂಬ ತಿದ್ದುಪಡಿ ಪತ್ರವನ್ನು ಪಡೆಯಬಹುದು. ತಿದ್ದುಪಡಿಗೆಂದೇ 1946ರ ಕಾನೂನಿನಡಿ ಮಂಡಳಿಗಳಿವೆ. ಅದಕ್ಕೂ ಮುಂಚೆ ಒಬ್ಬೊಬ್ಬ ಸೈನಿಕನ ದಾಖಲೆ ತಿದ್ದಲು ಅಮೆರಿಕದ ಸಂಸತ್ತು ಒಂದೊಂದು ಖಾಸಗಿ ಮಸೂದೆಯನ್ನೇ ಅಂಗೀಕರಿಸಬೇಕಿತ್ತು. ಹೀಗೆ ತಪ್ಪು ತಿದ್ದಲು ಕಾನೂನುಬದ್ಧ ದಾರಿ ಮಾಡಿಕೊಟ್ಟಿದ್ದರಲ್ಲಿ ಅಮೆರಿಕ ನಮಗಿಂತ ಮುಂದಿದೆ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಆ ದಾರಿಯ ಬಾಗಿಲಲ್ಲೇ ಒಂದು ನಿಯಮ ಕುಳಿತಿದೆ. ಸರ್ಕಾರಿ ದಾಖಲೆ ಸರಿಯಾಗಿಯೇ ಇದೆ ಎಂದು ಮಂಡಳಿ ಮೊದಲು ಭಾವಿಸಿಕೊಳ್ಳುತ್ತದೆ, ಅಲ್ಲ ಎಂದು ತೋರಿಸುವ ಹೊರೆ ಅರ್ಜಿದಾರನದು.

ಈ ನಿಯಮ ಎಷ್ಟು ಕಠೋರವಾಗಬಲ್ಲದು ಎಂಬುದನ್ನು 1973ರ ಜುಲೈ 12 ತೋರಿಸಿಕೊಟ್ಟಿತು. ಅಂದು ಸೇಂಟ್ ಲೂಯಿಸ್ ಬಳಿಯ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 1.6 ಕೋಟಿಯಿಂದ 1.8 ಕೋಟಿ ಸೈನಿಕರ ಕಡತಗಳು ನಾಶವಾದವು. 1912ರಿಂದ 1960ರ ಆರಂಭದವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಹೋದವು. ನಕಲು ಪ್ರತಿ ಇರಲಿಲ್ಲ, ಮೈಕ್ರೋಫಿಲ್ಮ್ ಇರಲಿಲ್ಲ, ಪೂರ್ಣ ಸೂಚಿಯೂ ಇರಲಿಲ್ಲ. ಎರಡು ಮಹಾಯುದ್ಧ, ಕೊರಿಯಾ ಯುದ್ಧ ಕಂಡ ತಲೆಮಾರುಗಳ ಪುರಾವೆ ಸರ್ಕಾರದ ಕಟ್ಟಡದೊಳಗೇ ಸುಟ್ಟುಹೋಯಿತು. ಆಮೇಲೂ ಪುರಾವೆ ಕೇಳುವುದು ಸೈನಿಕನನ್ನೇ. ನಾರ್ಮಂಡಿಯ ತೀರಕ್ಕೆ ಇಳಿದ ದಿನ, ತಾನೇ ಗಾಯಗೊಂಡಿದ್ದರೂ ನೂರಾರು ಗಾಯಾಳುಗಳಿಗೆ ಶುಶ್ರೂಷೆ ಮಾಡಿದ ಕಪ್ಪು ಸೈನಿಕ ವೇವರ್ಲಿ ವುಡ್‌ಸನ್‌ಗೆ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಕ್ರಾಸ್ ಸಂದದ್ದು 2024ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವರ ಕಡತವೂ ಆ ಬೆಂಕಿಗೆ ಸಿಕ್ಕಿತ್ತು. ಕುಟುಂಬದವರು ಪಟ್ಟುಬಿಡದೆ ದಶಕಗಳ ಕಾಲ ಬೆನ್ನುಹತ್ತಿದ್ದರಿಂದ ಮಾತ್ರ ಅದು ಕೈಗೂಡಿತು.

ಬೆಂಕಿಗೂ ಸಂಬಂಧವಿಲ್ಲದ, ಬರೀ ಅರ್ಜಿ ಪದ್ಧತಿಯಿಂದಲೇ ಉಳಿದುಹೋದ ಪದಕಗಳ ಕಥೆ ಇನ್ನೂ ಸ್ಪಷ್ಟ. 1974ರಲ್ಲಿ ಅಮೆರಿಕದ ಭೂಸೇನೆ ಎಂಟನೇ ಸಂಖ್ಯೆಯ ಸಾಮಾನ್ಯ ಆದೇಶ ಹೊರಡಿಸಿ, ವಿಯೆಟ್ನಾಂನಲ್ಲಿ ಸೇವೆ ಸಲ್ಲಿಸಿದ ತನ್ನ ಪಡೆಗಳಿಗೆಲ್ಲ ಆ ದೇಶದ ಗ್ಯಾಲಂಟ್ರಿ ಕ್ರಾಸ್ ಯುನಿಟ್ ಗೌರವ ಸಲ್ಲುತ್ತದೆ ಎಂದು ಸಾರಿತು. 1968ರಲ್ಲಿ ಮನೆಗೆ ಮರಳಿದವನ ಪ್ರಮಾಣಪತ್ರದಲ್ಲಿ ಅದು ಇರಲು ಸಾಧ್ಯವೇ ಇರಲಿಲ್ಲ. ಹೀಗಿದ್ದೂ ಆದೇಶ ಹೊರಟ ದಿನವೇ ಎಲ್ಲರ ದಾಖಲೆಗಳನ್ನು ತಿದ್ದಲಿಲ್ಲ, ಕೇಳಿದವರದನ್ನು ಮಾತ್ರ ತಿದ್ದಲಾಯಿತು. ಇದಕ್ಕೂ ಮುಂಚೆ, 1947ರಲ್ಲಿ, ಎರಡನೇ ಮಹಾಯುದ್ಧದಲ್ಲಿ ಕಾಲಾಳು ಸೈನಿಕನ ಕದನ ಬ್ಯಾಡ್ಜ್ ಅಥವಾ ವೈದ್ಯಕೀಯ ಸಿಬ್ಬಂದಿಯ ಕದನ ಬ್ಯಾಡ್ಜ್ ಗಳಿಸಿದ್ದವರಿಗೆ ಬ್ರಾಂಜ್ ಸ್ಟಾರ್ ಪದಕ ಸಲ್ಲುತ್ತದೆಂದು ತೀರ್ಮಾನವಾಗಿತ್ತು. ಅದಕ್ಕೂ ಅರ್ಜಿ ಬೇಕಿತ್ತು. ಯಾರಿಗೆ ಬ್ಯಾಡ್ಜ್ ಕೊಟ್ಟಿದ್ದೇವೆ ಎಂಬುದು ಸೇನೆಗೇ ಗೊತ್ತಿತ್ತು. ಗೊತ್ತಿದ್ದೂ ಕೇಳುವವರೆಗೆ ಸುಮ್ಮನಿರುವುದನ್ನು ನಾನು ಆಡಳಿತದ ಅಶಕ್ತಿ ಎನ್ನಲಾರೆ, ಸಾಲ ತೀರಿಸಬೇಕಾದವನು ಸಾಲ ಕೊಟ್ಟವನ ಮರೆವನ್ನು ಕಾಯುತ್ತ ಕುಳಿತಂತಿದೆ ಅದು.

ಶೌರ್ಯ ಪದಕಗಳ ವಿಷಯದಲ್ಲೂ ಅಮೆರಿಕದ ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 1965ರ ಜೂನ್‌ನಲ್ಲಿ ವಿಯೆಟ್ನಾಂನ ಬಾಂಗ್ ಸಾನ್ ಬಳಿ ಕ್ಯಾಪ್ಟನ್ ಪ್ಯಾರಿಸ್ ಡೇವಿಸ್ ತಾನು ಗಾಯಗೊಂಡಿದ್ದರೂ ಹಿಂದಿರುಗಲು ಒಪ್ಪದೆ, ಬಿದ್ದಿದ್ದ ಸಂಗಾತಿಗಳನ್ನು ಗುಂಡಿನ ಮಳೆಯಲ್ಲೇ ಎಳೆದು ತಂದರು. ಮೇಲಧಿಕಾರಿ ಮೆಡಲ್ ಆಫ್ ಆನರ್‌ಗೆ ಶಿಫಾರಸು ಮಾಡಿದರು. ಆ ಕಾಗದ ಕಳೆದುಹೋಯಿತು. 1969ರಲ್ಲಿ ವಿಚಾರಣೆ ನಡೆದು ಮತ್ತೆ ಶಿಫಾರಸು ಕಳಿಸಲು ಹೇಳಲಾಯಿತು. ಅದೂ ಕಳೆದುಹೋಯಿತು. ಡೇವಿಸ್ ಕಪ್ಪು ಜನಾಂಗದವರು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ಅವರ ಹಳೆಯ ಸಂಗಾತಿಗಳು ಮತ್ತು ಸ್ವಯಂಪ್ರೇರಿತರ ಗುಂಪೊಂದು ಕಡತವನ್ನು ಹೊಸದಾಗಿ ಕಟ್ಟಿದ ಮೇಲೆ, 2023ರ ಮಾರ್ಚ್‌ನಲ್ಲಿ, 83ನೇ ವಯಸ್ಸಿನಲ್ಲಿ ಅವರಿಗೆ ಪದಕ ಸಂದಿತು. ಇನ್ನೊಂದು ಪ್ರಸಂಗದಲ್ಲಿ ಹುಡುಕಾಟಕ್ಕೆ ಇಳಿದದ್ದು ಸೇನೆಯೇ. ಎರಡನೇ ಮಹಾಯುದ್ಧದಲ್ಲಿ ಒಬ್ಬನೇ ಒಬ್ಬ ಕಪ್ಪು ಸೈನಿಕನಿಗೂ ಮೆಡಲ್ ಆಫ್ ಆನರ್ ಸಿಕ್ಕಿಲ್ಲವೇಕೆ ಎಂದು ತಿಳಿಯಲು 1993ರಲ್ಲಿ ಶಾ ವಿಶ್ವವಿದ್ಯಾಲಯದ ಮೂಲಕ ಅಧ್ಯಯನ ಮಾಡಿಸಲಾಯಿತು. ನಾಲ್ಕೇ ವರ್ಷದೊಳಗೆ, 1997ರ ಜನವರಿಯಲ್ಲಿ, ಏಳು ಮಂದಿಗೆ ಆ ಗೌರವ ಸಂದಿತು. ಡೇವಿಸ್ ಒಬ್ಬರಿಗೇ ಸುಮಾರು 58 ವರ್ಷ, ಸರ್ಕಾರವೇ ಹುಡುಕಲು ಹೊರಟಾಗ ಏಳು ಜನರಿಗೆ ನಾಲ್ಕು ವರ್ಷ. ಆದರೆ ಹುಡುಕಾಟ ಶುರುವಾದದ್ದೇ ತಡವಾಗಿ. ಆ ಏಳು ಜನರಲ್ಲಿ ಪದಕ ಪಡೆಯಲು ಬದುಕಿದ್ದವರು ವರ್ನನ್ ಬೇಕರ್ ಒಬ್ಬರೇ.

ಪದಕವೆಂದರೆ ಲೋಹದ ಬಿಲ್ಲೆ, ರಿಬ್ಬನ್ನು, ಇದಕ್ಕೇಕೆ ಇಷ್ಟು ಚರ್ಚೆ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ ಯುದ್ಧದಲ್ಲಿ ಗಾಯಗೊಂಡವರಿಗೆ ಸಲ್ಲುವ ಪರ್ಪಲ್ ಹಾರ್ಟ್ ಪದಕ ದಾಖಲಾಗಿದ್ದರೆ ಮಾಜಿ ಸೈನಿಕನಿಗೆ ಸರ್ಕಾರಿ ಚಿಕಿತ್ಸೆಯಲ್ಲಿ ಮೇಲಿನ ಆದ್ಯತೆ ಸಿಗುತ್ತದೆ. ಯುದ್ಧದ ಆಘಾತದಿಂದ ಮನಸ್ಸು ನಲುಗಿದೆ ಎಂದು ಪರಿಹಾರ ಕೇಳಿದವನು ಕದನ ಕಂಡವನೇ ಎಂಬುದಕ್ಕೆ ಅದೇ ಪುರಾವೆಯಾಗುತ್ತದೆ. ದಾಖಲೆಯಲ್ಲಿ ಆ ಒಂದು ಸಾಲು ಇಲ್ಲದವನು ಅಂದಿನ ಭಯವನ್ನು ಬೇರೆ ಕಾಗದಗಳಿಂದ ರುಜುವಾತು ಮಾಡುತ್ತ ಅಲೆಯಬೇಕು. ನಮ್ಮಲ್ಲೂ ಅಂಗವೈಕಲ್ಯ ಪಿಂಚಣಿಯ ವಾದಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಕಾಯಿಲೆ ಸೇವೆಯಿಂದ ಬಂದದ್ದೇ ಅಥವಾ ಸೇವೆಯಿಂದ ಉಲ್ಬಣಿಸಿದ್ದೇ ಎಂಬಲ್ಲಿ. ಸೈನಿಕ ಎಂಥ ಜಾಗದಲ್ಲಿ, ಯಾವ ಕಾರ್ಯಾಚರಣೆಯಲ್ಲಿದ್ದ ಎಂಬುದನ್ನು ಸರ್ಕಾರವೇ ಹಿಂದೊಮ್ಮೆ ಒಪ್ಪಿಕೊಂಡಿತ್ತು ಎಂದು ಒಂದು ಪದಕದ ನಮೂದು ಸಾರುತ್ತದೆ. ಶೌರ್ಯ ಪದಕಕ್ಕಾದರೆ ರಾಜ್ಯ ಸರ್ಕಾರಗಳು ಕೊಡುವ ನಗದು ಗೌರವವೂ ಇದೆ. ಇವೆಲ್ಲ ಇಲ್ಲದಿದ್ದರೂ ನನ್ನ ವಾದ ನಿಲ್ಲುತ್ತದೆ. ನಮ್ಮ ಸೇನೆಯ ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರುಗಳನ್ನು ಕೆತ್ತಿ ಕೊಡುವುದು ವಾಡಿಕೆ. ಅವನು ಅಲ್ಲಿದ್ದ ಎಂದು ಗಣರಾಜ್ಯ ಹೆಸರು ಹಿಡಿದು ಒಪ್ಪಿಕೊಳ್ಳುವ ಜಾಗ ಅದೊಂದೇ. ಮೊಮ್ಮಕ್ಕಳಿಗೆ ತೋರಿಸಲು ಒಬ್ಬ ನಿವೃತ್ತ ಹವಾಲ್ದಾರನ ಬಳಿ ಬೇರೇನಿರುತ್ತದೆ?

ನಕಲಿ ವೀರರ ಭಯ ಪೊಳ್ಳಲ್ಲ. ಪಡೆಯದ ಪದಕವನ್ನು ಧರಿಸುವವರು, ಹೋಗದ ಯುದ್ಧದ ಕಥೆ ಹೇಳುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಅಮೆರಿಕ ಇದಕ್ಕೆಂದೇ 2006ರಲ್ಲಿ ಕಾನೂನು ಮಾಡಿತು, ಬರೀ ಸುಳ್ಳು ಹೇಳಿಕೆಯನ್ನು ಅಪರಾಧವೆನ್ನುವುದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಅಲ್ಲಿನ ಸುಪ್ರೀಂ ಕೋರ್ಟ್ 2012ರಲ್ಲಿ ಅದನ್ನು ರದ್ದು ಮಾಡಿತು, ಮರುವರ್ಷ ಲಾಭಕ್ಕಾಗಿ ಮಾಡುವ ವಂಚನೆಗೆ ಸೀಮಿತವಾದ ಹೊಸ ಕಾನೂನು ಬಂತು. ದಾಖಲೆ ತಿದ್ದುವ ಬಾಗಿಲನ್ನು ಅಗಲಿಸಿದರೆ ಇಂಥವರು ನುಗ್ಗುತ್ತಾರೆ ಎಂಬ ಆತಂಕಕ್ಕೆ ನನ್ನ ಉತ್ತರ ಇದು: ನುಗ್ಗಲು ಅವರಿಗೆ ಅರ್ಜಿ ಪದ್ಧತಿಯೇ ಹೆಚ್ಚು ಅನುಕೂಲ. ಅಲ್ಲಿ ಕಥೆಯನ್ನು ಕಟ್ಟಿ ತರುವವನು ಅರ್ಜಿದಾರ. ಸರ್ಕಾರವೇ ತನ್ನ ಭರ್ತಿ ಪಟ್ಟಿ, ಯುನಿಟ್ ಚಲನವಲನದ ಪಟ್ಟಿ, ಪದಕದ ಅಧಿಸೂಚನೆಗಳನ್ನು ತಾಳೆ ಹಾಕುವಾಗ ಹೊರಗಿನವರ ಕಥೆಗೆ ಜಾಗವೇ ಇಲ್ಲ. ಯಾರಿಗೆ ಏನು ಸಂದಿದೆ ಎಂಬುದು ಸ್ಪಷ್ಟವಾಗಿ ದಾಖಲಾದಷ್ಟೂ ಸುಳ್ಳು ಹೇಳುವವನು ಸಿಕ್ಕಿಬೀಳುವುದು ಸುಲಭ.

ಶೌರ್ಯದ ವಿಚಾರದಲ್ಲಿ ಮಾತ್ರ ನಾನು ಬಿಗಿಯಾದ ಮಾನದಂಡದ ಪರ. ಐವತ್ತು ವರ್ಷಗಳ ಆಚೆಯ ನೆನಪು ಮಸುಕಾಗಿರುತ್ತದೆ, ಪ್ರೀತಿಯಿಂದಲೂ ಬೆಳೆದಿರುತ್ತದೆ. ಯಾರೋ ಬದುಕುಳಿದವರು ಹೇಳಿದರು ಎಂಬುದೊಂದರ ಮೇಲೆ ಪರಮವೀರ ಚಕ್ರ, ಮಹಾವೀರ ಚಕ್ರಗಳನ್ನು ಕೊಡಲು ಹೊರಟರೆ ಮೊದಲು ಪಡೆದವರಿಗೇ ಅನ್ಯಾಯ. ಆದರೆ ಮಾನದಂಡ ಬಿಗಿಯಾಗಿರುವುದು ಬೇರೆ, ಹುಡುಕದೆ ಇರುವುದು ಬೇರೆ. ದೇವಯ್ಯನವರ ಪ್ರಕರಣದಲ್ಲಿ ಸಾಕ್ಷ್ಯ ಬಂದದ್ದು ಎದುರಾಳಿಯ ಕಡೆಯಿಂದ. ಅದಕ್ಕಿಂತ ನಂಬಲರ್ಹ ಸಾಕ್ಷ್ಯ ಇನ್ನೆಲ್ಲಿ ಸಿಕ್ಕೀತು? 1965, 1971ರ ಯುದ್ಧಗಳ ಬಗ್ಗೆ ಎರಡೂ ಕಡೆಯ ಅಧಿಕಾರಿಗಳು ಬರೆದ ನೆನಪುಗಳು, ರೆಜಿಮೆಂಟುಗಳ ಇತಿಹಾಸಗಳು, ಸೋಲು ಗೆಲುವಿನ ವಿವರಗಳು ಈಗ ಎಷ್ಟೋ ಪ್ರಕಟವಾಗಿವೆ. ಕಳೆದುಹೋದ ಶಿಫಾರಸು, ಕಾಣೆಯಾದವರೆಂದು ಮುಚ್ಚಿಹೋದ ಕಡತ, ಇಡೀ ತುಕಡಿ ಮಡಿದು ಹೇಳುವವರೇ ಉಳಿಯದ ಕದನ, ಇವುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಇತಿಹಾಸಕಾರರ ಮತ್ತು ನಿವೃತ್ತ ಅಧಿಕಾರಿಗಳ ಸಮಿತಿಯೊಂದು ಕ್ರಮವಾಗಿ ಓದಬೇಕು. ಓದಿದ ಮೇಲೆ ಹೆಚ್ಚಿನ ಪ್ರಕರಣಗಳಲ್ಲಿ ಸಾಕ್ಷ್ಯ ಸಾಲದು ಎಂದು ತೀರ್ಮಾನವಾದರೂ ಚಿಂತೆಯಿಲ್ಲ. ಕಾರಣ ಬರೆದು ‘ಇಲ್ಲ’ ಎನ್ನುವುದು ಕುಟುಂಬಕ್ಕೆ ಸಲ್ಲಿಸುವ ಮರ್ಯಾದೆಯೇ.

ಖರ್ಚು, ಸಿಬ್ಬಂದಿಯ ಕೊರತೆ ಎಂಬ ಆಕ್ಷೇಪ ಇಪ್ಪತ್ತು ವರ್ಷದ ಹಿಂದೆ ತೂಕದ್ದಾಗಿತ್ತು. ಈಗ ರಕ್ಷಣಾ ಪಿಂಚಣಿದಾರರ ವಿವರ 2021ರಿಂದ ಸ್ಪರ್ಶ್ ಎಂಬ ಒಂದೇ ಜಾಲಕ್ಕೆ ಬರತೊಡಗಿದೆ. ಪ್ರತಿ ವರ್ಷ ಜೀವಂತ ಪ್ರಮಾಣಪತ್ರ ಕೊಡಲು ಅವರು ಹೇಗೂ ಅದರ ಸಂಪರ್ಕಕ್ಕೆ ಬರುತ್ತಾರೆ. ಅದೇ ಸಂದರ್ಭದಲ್ಲಿ ನಿಮ್ಮ ದಾಖಲೆಯಲ್ಲಿರುವ ಪದಕಗಳು ಇವು, ನಿಮಗೆ ಸಲ್ಲಬೇಕಿದ್ದು ನಮೂದಾಗದವು ಇವು ಎಂದು ತೋರಿಸುವುದು ತಾಂತ್ರಿಕವಾಗಿ ಅಸಾಧ್ಯವಲ್ಲ. ಕಷ್ಟವಿರುವುದು ಪಿಂಚಣಿಯ ಅವಧಿ ತುಂಬುವ ಮೊದಲೇ ಸೇನೆ ಬಿಟ್ಟವರ ವಿಷಯದಲ್ಲಿ. ಅವರ ವಿಳಾಸ ಯಾರ ಬಳಿಯೂ ಇಲ್ಲ. ಅಲ್ಲಿ ಜಿಲ್ಲೆಗಳಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗಳು, ಗ್ರಾಮ ಪಂಚಾಯಿತಿಗಳು ಕೈಜೋಡಿಸಬೇಕು. ಈಗ ರೆಕಾರ್ಡ್ಸ್ ಕಚೇರಿಗೆ ಪತ್ರ ಬರೆಯಬೇಕೆಂದರೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆಸಬೇಕು, ಸೈನಿಕ ಸಂಖ್ಯೆ ನೆನಪಿರಬೇಕು, ಗಂಡ ತೀರಿಹೋದ ಮೇಲೆ ಹೆಂಗಸೊಬ್ಬಳು ಈ ಎಲ್ಲವನ್ನೂ ಹೊಂದಿಸಬೇಕು. 2007ರ ಕಾಯ್ದೆಯಿಂದ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ ನಿಜ, ಒಂದು ಸೇವಾ ಪದಕಕ್ಕಾಗಿ ವಕೀಲರನ್ನು ಹಿಡಿಯಿರಿ ಎಂದು ಎಪ್ಪತ್ತು ದಾಟಿದವರಿಗೆ ಹೇಳುವುದು ಪರಿಹಾರವಲ್ಲ.

ಕರ್ನಾಟಕದಲ್ಲಿ ಇದನ್ನು ಶುರುಮಾಡಲು ಎಲ್ಲ ಅನುಕೂಲವೂ ಇದೆ. ಮದ್ರಾಸ್ ಎಂಜಿನಿಯರ್ ಗ್ರೂಪ್, ಸೇನಾ ಸರಬರಾಜು ದಳದ ದಕ್ಷಿಣ ವಿಭಾಗ, ಮಿಲಿಟರಿ ಪೊಲೀಸ್ ದಳ, ಇವುಗಳ ರೆಕಾರ್ಡ್ಸ್ ಕಚೇರಿಗಳು ಬೆಂಗಳೂರಿನಲ್ಲಿವೆ, ಮರಾಠಾ ಲಘು ಪದಾತಿ ದಳದ್ದು ಬೆಳಗಾವಿಯಲ್ಲಿದೆ. ದೇಶದ ಎಲ್ಲೆಡೆಯ ಸೈನಿಕರ ಕಡತಗಳು ಇಲ್ಲಿನ ಕಪಾಟುಗಳಲ್ಲಿವೆ. ರಕ್ಷಣಾ ಸಚಿವಾಲಯ ಮೊದಲ ಹಂತವಾಗಿ ಈ ನಾಲ್ಕು ಕಚೇರಿಗಳಲ್ಲಿ 1971ರ ಡಿಸೆಂಬರ್‌ನಲ್ಲಿ ಸೇವೆಯಲ್ಲಿದ್ದ ಎಲ್ಲರ ಹಾಳೆಗಳನ್ನು ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಪದಕ ಮತ್ತು 25ನೇ ವರ್ಷದ ಪದಕಗಳ ಅಧಿಸೂಚನೆಗಳೊಂದಿಗೆ ತಾಳೆ ನೋಡಿಸಲಿ. ಆಗ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಪ್ಪತ್ತೈದರ ಆಸುಪಾಸಿನಲ್ಲಿದ್ದಾರೆ, ಆದ್ದರಿಂದ 1971 ಮೊದಲು, ಕಾರ್ಗಿಲ್ ಆಮೇಲೆ. ಬಿಟ್ಟುಹೋದ ಹೆಸರುಗಳ ಪಟ್ಟಿಯನ್ನು ಜಿಲ್ಲಾವಾರು ಪ್ರಕಟಿಸಲಿ. ತಿದ್ದಿದ ದಾಖಲೆ ಮತ್ತು ಪದಕವನ್ನು ಅಂಚೆಯಲ್ಲಿ ಕಳಿಸದೆ, ಜಿಲ್ಲಾ ಕಚೇರಿಯ ಅಧಿಕಾರಿಯೊಬ್ಬರು ಮನೆಗೇ ಹೋಗಿ ಕೊಡಲಿ. ಸೈನಿಕ ಇಲ್ಲವಾಗಿದ್ದರೆ ಪತ್ನಿಗೆ, ಅವರೂ ಇಲ್ಲವಾಗಿದ್ದರೆ ಮಕ್ಕಳಿಗೆ.